ಯಾವಾಗ ಹೋಗಬಾರದು ಎಂಬುದನ್ನೂ ಬರೆಯಿರಿ

ಮಾನ್ಯ ಸಂಪಾದಕರೇ,

ಪ್ರವಾಸ ಪುರವಣಿಯಲ್ಲಿ ಯಾವ ಊರಿನ ಪರಿಚಯ ಬಂದರೂ ಕೊನೆಯಲ್ಲಿ ‘ಹೋಗುವುದು ಹೇಗೆ, ಉಳಿಯುವುದು ಎಲ್ಲಿ’ ಎಂಬ ಚೌಕಟ್ಟೊಂದು ಇದ್ದೇ ಇರುತ್ತದೆ. ಕಾಡಿನ ಬಗ್ಗೆ ಬರೆಯುವಾಗಲಾದರೂ ಆ ಚೌಕಟ್ಟಿಗೆ ‘ಯಾವಾಗ ಹೋಗಬಾರದು, ಏಕೆ’ ಎಂಬ ಇನ್ನೊಂದು ಸಾಲನ್ನು ಸೇರಿಸಬೇಕೆಂದು ಕೇಳಿಕೊಳ್ಳುವುದಕ್ಕಾಗಿ ಈ ಪತ್ರ.

ಹುತ್ತರಿ ಕಳೆದು, ಅರೇಬಿಕಾ ಕೊಯ್ಲು ಮುಗಿದು, ರೊಬಸ್ಟಾ ಇನ್ನೂ ಹಣ್ಣಾಗದ ಬಿಡುವಿನಲ್ಲಿ ಕೊಡಗಿನ ನಾವು ನಾಲ್ವರು ಒಡಿಶಾದ ಭಿತರಕನಿಕಾಕ್ಕೆ ಹೋಗಿದ್ದೆವು. ಬ್ರಾಹ್ಮಣಿ, ವೈತರಣಿ ನದಿಗಳು ಬಂಗಾಳ ಕೊಲ್ಲಿಯನ್ನು ಸೇರುವಲ್ಲಿ ಬೆಳೆದ ಕಾಂಡ್ಲಾ (ಮ್ಯಾಂಗ್ರೋವ್) ಕಾಡು ಅದು. ಹಿಂದೆ ಕನಿಕಾ ಅರಸು ಮನೆತನದವರು ಬೇಟೆಯಾಡುತ್ತಿದ್ದ ಜಾಗ. 1975ರಲ್ಲಿ ವನ್ಯಧಾಮವೆಂದು ಘೋಷಿತವಾಗಿ, 1998ರಲ್ಲಿ ಅದರೊಳಗಿನ 145 ಚದರ ಕಿ.ಮೀ. ರಾಷ್ಟ್ರೀಯ ಉದ್ಯಾನವಾಯಿತು. ನಾಗರಹೊಳೆಯ ಸಫಾರಿಗೆ ಒಗ್ಗಿದ ನಮಗೆ ಅಲ್ಲಿ ದೋಣಿಯೇ ಜೀಪು, ತೊರೆಯೇ ರಸ್ತೆ. ಮೊದಲ ದಿನ ತುಂಬು ಉಬ್ಬರದಲ್ಲಿ ಹೋಗಿ ಮಿಂಚುಳ್ಳಿ, ಜಿಂಕೆಗಳನ್ನಷ್ಟೇ ಕಂಡು ಮರಳಿದೆವು. ಮರುದಿನ ಇಳಿತದ ಹೊತ್ತಿಗೆ ಹೋದಾಗ, ನೀರು ತಗ್ಗಿ ತೆರೆದುಕೊಂಡ ಕೆಸರು ದಂಡೆಯ ಮೇಲೆ ಉಪ್ಪುನೀರಿನ ಮೊಸಳೆಗಳು ಚಳಿಗಾಲದ ಬಿಸಿಲಿಗೆ ಮೈಯೊಡ್ಡಿ ಮಲಗಿದ್ದವು. ದೋಣಿಯಲ್ಲಿದ್ದ ಒಬ್ಬರು ಫೋಟೊಕ್ಕಾಗಿ ಇನ್ನೂ ಹತ್ತಿರ ಒಯ್ಯುವಂತೆ ಅಂಬಿಗನನ್ನು ಪೀಡಿಸಿದರು. ದೋಣಿ ನಾಲ್ಕು ಮಾರು ಸರಿಯುವಷ್ಟರಲ್ಲಿ ಅಷ್ಟು ದೊಡ್ಡ ಪ್ರಾಣಿ ಸದ್ದೇ ಇಲ್ಲದೆ ನೀರಿಗೆ ಜಾರಿತು.

1970ರ ದಶಕದ ಎಣಿಕೆಯಲ್ಲಿ ಅಲ್ಲಿ ಉಳಿದಿದ್ದ ಮೊಸಳೆಗಳು 100ಕ್ಕೂ ಕಡಿಮೆ. ಅಲ್ಲಿನ ಡಾಂಗ್ಮಾಲ್ ಎಂಬಲ್ಲಿ ಮೊಟ್ಟೆಗಳಿಗೆ ಕಾವು ಕೊಟ್ಟು, ಮರಿಗಳನ್ನು ಸಾಕಿ, ತೊರೆಗಳಿಗೆ ಬಿಡುತ್ತ ಬಂದುದರಿಂದ ಈಗ ಆ ಸಂಖ್ಯೆ 1,800ರ ಆಸುಪಾಸಿಗೆ ಬಂದಿದೆ. ನಮ್ಮ ಕಾವೇರಿಯ ಮೊಸಳೆ ಬೇಸಿಗೆಯಲ್ಲಿ ಮರಳು ತೋಡಿ ಮೊಟ್ಟೆಯಿಟ್ಟರೆ, ಈ ಜಾತಿಯ ಹೆಣ್ಣು ಮಳೆಗಾಲ ಶುರುವಾಗುವ ಹೊತ್ತಿಗೆ ಹೆಂತಾಲ್ ಎಂಬ ಈಚಲು ಜಾತಿಯ ಗಿಡದ ಎಲೆ ಮತ್ತು ಕೆಸರನ್ನು ಗುಡ್ಡೆ ಹಾಕಿ, ಅದರಲ್ಲಿ ಐವತ್ತರಷ್ಟು ಮೊಟ್ಟೆಯಿಟ್ಟು, ಮರಿ ಹೊರಬರುವವರೆಗೆ ಎರಡೂವರೆ ತಿಂಗಳಿಗೂ ಹೆಚ್ಚು ಕಾಲ ಕಾವಲಿರುತ್ತದೆ. ಹೀಗಾಗಿಯೇ ಮೇ 1ರಿಂದ ಜುಲೈ 31ರವರೆಗೆ ಉದ್ಯಾನವನ್ನು ಪ್ರವಾಸಿಗರಿಗೆ ಮುಚ್ಚುತ್ತಾರೆ. ಮೊಸಳೆಗಳು ಹೆಚ್ಚಿದ್ದರ ಬೆಲೆ ತೆರುವವರು ನಮ್ಮಂತಹ ಪ್ರವಾಸಿಗರಲ್ಲ, ದಂಡೆಯ ಹಳ್ಳಿಗರು. ಅವರ ಸ್ನಾನಘಟ್ಟಗಳಿಗೆ ನೀರಿನೊಳಗೇ ಬೇಲಿ ಹಾಕಬೇಕಾಗಿದೆ. ಆನೆ ಕಂದಕದ ಪಕ್ಕದಲ್ಲೇ ತೋಟ ಮಾಡಿಕೊಂಡಿರುವ ನಮಗೆ ಅವರ ಪಾಡನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅದೇ ಜೂನ್, ಜುಲೈಯಲ್ಲಿ ನಾವು ಕೊಡಗಿನವರು ಮಾಡುವುದೇನು? ‘ಮಳೆ ನೋಡಲು ಬನ್ನಿ’ ಎಂದು ಕರೆಯುತ್ತೇವೆ. ಕರೆಯುವವರಲ್ಲಿ ನಾನೂ ಒಬ್ಬ. ಮನೆಯ ಎರಡು ಕೋಣೆಗಳನ್ನು ಹೋಂಸ್ಟೇಗೆ ಕೊಟ್ಟಿದ್ದೇನೆ. ಮೊದಲ ನೆರೆಗೆ ಹೊಳೆಯಿಂದ ಗದ್ದೆತೋಡಿಗೆ ಏರಿ ಬರುವ ಹತ್ತುಮೀನು ಮೊಟ್ಟೆಯಿಡಲೆಂದೇ ಬರುತ್ತದೆ, ತೊರೆಬದಿಯ ಕಪ್ಪೆಗಳು ಸಂಗಾತಿಯನ್ನು ಕೂಗಿ ಕರೆಯುವುದೂ ಆಗಲೇ. ಆ ದಿನಗಳಲ್ಲಿ ಅತಿಥಿಗಳು ರಾತ್ರಿ ಟಾರ್ಚು ಹಿಡಿದು ತೊರೆಗೆ ಇಳಿಯುವುದನ್ನು ಇಷ್ಟು ವರ್ಷ ನಾನೇ ಉತ್ತೇಜಿಸಿದ್ದೇನೆಂದು ಹೇಳಿಕೊಳ್ಳಲು ಸಂಕೋಚವಾಗುತ್ತದೆ. ಜಿಲ್ಲೆಯನ್ನೇ ಮೂರು ತಿಂಗಳು ಮುಚ್ಚಿ ಎಂದು ನಾನು ಹೇಳುತ್ತಿಲ್ಲ, ಹಾಗೆ ಮಾಡಿದರೆ ನಮ್ಮಲ್ಲಿ ಅನೇಕರಿಗೆ ಹೊಟ್ಟೆಪಾಡಿಗೇ ಕಷ್ಟವಾದೀತು. ಆದರೆ ಯಾವ ತೊರೆ, ಯಾವ ಕಾಡುದಾರಿಯನ್ನು ಯಾವ ತಿಂಗಳು ಬಿಟ್ಟುಬಿಡಬೇಕೆಂಬುದನ್ನು ಅರಣ್ಯ ಇಲಾಖೆ ಮತ್ತು ಹೋಂಸ್ಟೇಯವರು ಕೂತು ತೀರ್ಮಾನಿಸಬಹುದು.

ತಮ್ಮ ಪತ್ರಿಕೆಯ ಮುಂದಿನ ಮಳೆಗಾಲದ ಪುರವಣಿ ಮೇ ತಿಂಗಳಲ್ಲಿ ಸಿದ್ಧವಾಗುವುದಾದರೆ, ಕೊಡಗಿನ ಲೇಖನದ ಕೊನೆಯ ಚೌಕಟ್ಟಿನಲ್ಲಿ ಆ ಒಂದು ಸಾಲಿಗೆ ಜಾಗ ಮಾಡಿಕೊಡಬೇಕೆಂದು ವಿನಂತಿ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಕಾಫಿ ಬೆಳೆಗಾರ
ವಿರಾಜಪೇಟೆ ತಾಲ್ಲೂಕು, ಕೊಡಗು