ಸುತಳಿ ಮಡಚಿ ಹೊಟ್ಟೆಗೆ ಸುತ್ತಿ ನೋಡು

ಕೋಡಿಬಾಗ, ಕಾರವಾರ
ಜೂನ್ ಎರಡನೇ ವಾರ

ಪ್ರೀತಿಯ ತಮಾ,

ನಿನ್ನ ವಾಯ್ಸ್ ಮೆಸೇಜ್ ಮೂರು ಸಲ ಕೇಳಿದೆ. ಹಿಂದೆ ಲಾರಿ ಹಾರ್ನು, ಚೀಲ ಎತ್ತುವವರ ಕೂಗು, ಅದರ ನಡುವೆ ನಿನ್ನ ಮಾತು. ಫೋನಿನಲ್ಲೇ ಉತ್ತರ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು "ಹೂಂ ಮಾವ, ಹೂಂ ಮಾವ" ಅನ್ನುತ್ತೀಯ, ಇಟ್ಟ ಮೇಲೆ ಮರೆಯುತ್ತೀಯ. ಅದಕ್ಕೇ ಕಾಗದ. ಮಳೆ ಹಿಡಿದಿದೆ, ಬೋಟುಗಳೆಲ್ಲ ಬೈತಖೋಲ ಬಂದರಿನಲ್ಲಿ ಕಟ್ಟಿಕೊಂಡು ನಿಂತಿವೆ, ನನಗೂ ಹೊತ್ತು ಹೋಗಬೇಕಲ್ವಾ.

ನೀನು ಕೇಳಿದ್ದು ಇಷ್ಟು. ಶಿರಸಿಯ ಯಾರ್ಡಿನಲ್ಲಿ ಬೆಳಗಿನಿಂದ ಸಂಜೆ ತನಕ ಅಡಿಕೆ ಚೀಲ ಹೊರುತ್ತೇನೆ, ಬನಿಯನ್ ಹಿಂಡಿದರೆ ಬೆವರು ಸುರಿಯುತ್ತದೆ, ಆದರೂ ಹೊಟ್ಟೆ ಯಾಕೆ ಬರ್ತಾ ಇದೆ? ಜಿಮ್ ಸೇರಲಾ?

ಮಾರಿಕಾಂಬೆ ಜಾತ್ರೆಗೆ ಬಂದಾಗಲೇ ನಾನು ನೋಡಿದ್ದೆ. ನಿನ್ನ ಹೊಸ ಅಂಗಿಯ ಕೆಳಗಿನ ಎರಡು ಗುಂಡಿ ಹಾಕಿರಲಿಲ್ಲ. ನಿನ್ನ ಅಮ್ಮನ ಎದುರಿಗೆ ಹೇಳುವುದು ಬೇಡ ಅಂತ ಸುಮ್ಮನಿದ್ದೆ. ಅವಳಿಗೆ ಹೇಳಿದ್ದರೆ "ದುಡಿಯುವ ಹುಡುಗ, ತಿನ್ನಲಿ ಬಿಡು" ಅಂತ ಇನ್ನೊಂದು ಸೌಟು ಬಡಿಸುತ್ತಿದ್ದಳು.

ನನ್ನ ಕತೆ ನಿನಗೆ ಪೂರ್ತಿ ಗೊತ್ತಿಲ್ಲ. ನನಗೆ 42 ಆದಾಗ ತೂಕ 94 ಕೆಜಿ. ಅಷ್ಟೊತ್ತಿಗೆ ಬಂದರಿನಲ್ಲಿ ಐಸ್ ಹೊತ್ತು, ಮೀನಿನ ಕ್ರೇಟ್ ಎತ್ತಿ 20 ವರ್ಷ ಆಗಿತ್ತು. ಡಾಕ್ಟರು ಸಕ್ಕರೆ ಗಡಿಗೆ ಬಂದಿದೆ ಅಂದಾಗ ನಾನು ಜಗಳಕ್ಕೇ ನಿಂತೆ. "ಕುರ್ಚಿ ಮೇಲೆ ಕೂತು ಕೆಲಸ ಮಾಡುವವನಿಗೆ ಬರಬೇಕು ಇದೆಲ್ಲ, ನನಗ್ಯಾಕೆ?" ಅಂದೆ. ಅವರು ನಕ್ಕು, ನಿನ್ನೆ ಬೆಳಗಿನಿಂದ ರಾತ್ರಿ ತನಕ ಏನೇನು ಬಾಯಿಗೆ ಹಾಕಿದಿ ಹೇಳು ಅಂದರು. ಹೇಳುತ್ತಾ ಹೇಳುತ್ತಾ ನನಗೇ ನಾಚಿಕೆ ಆಯಿತು.

ಅದನ್ನೇ ನಿನಗೂ ಹೇಳುತ್ತೇನೆ. ಭಾರ ಹೊರುವವನು ಹಗಲು ಸರಿಯಾಗಿ ಉಣ್ಣುವುದಿಲ್ಲ. ಹೊಟ್ಟೆ ತುಂಬಿದರೆ ಬಗ್ಗಲು ಆಗುವುದಿಲ್ಲ ಅಲ್ವಾ? ಹಾಗಾಗಿ ಚಾ, ಒಂದು ಬನ್ಸ್, ಮತ್ತೆ ಚಾ, ಬಜೆ, ಮತ್ತೆ ಚಾ. ಸಂಜೆ ಮನೆಗೆ ಬಂದಾಗ ಹಸಿವು ಹುಲಿಯ ಹಾಗೆ ಇರುತ್ತದೆ. ಆಗ ಮೂರು ತಾಟು ಅನ್ನ, ಉಂಡ ಅರ್ಧ ಗಂಟೆಗೆ ನಿದ್ದೆ. ಹಗಲಿನ ಹಸಿವನ್ನೆಲ್ಲ ರಾತ್ರಿ ಬಡ್ಡಿ ಸಮೇತ ತೀರಿಸುತ್ತಿದ್ದೆ ನಾನು. ನಿನ್ನದೂ ಅದೇ ಲೆಕ್ಕ ಅಂತ ನನ್ನ ಅನುಮಾನ. ಅಲ್ಲ ಅಂತಾದರೆ ಬೈಯ್ಯಿ.

ಚಾದ ಲೆಕ್ಕವನ್ನೇ ತಗೋ. ನಮ್ಮ ಮಗಳು ನರ್ಸಿಂಗ್ ಓದುವಾಗ ನನ್ನನ್ನು ಕೂರಿಸಿ ಬರೆದು ತೋರಿಸಿದ್ದಳು. ದಿನಕ್ಕೆ 8 ಚಾ, ಒಂದೊಂದಕ್ಕೆ 2 ಚಮಚ ಸಕ್ಕರೆ. ಚಮಚಕ್ಕೆ 4 ಗ್ರಾಂ ಹಿಡಿದರೂ ದಿನಕ್ಕೆ 64 ಗ್ರಾಂ ಆಯಿತು. ತಿಂಗಳಿಗೆ ಹತ್ತಿರ ಹತ್ತಿರ 2 ಕೆಜಿ ಸಕ್ಕರೆ. ಅಂಗಡಿಯಿಂದ 2 ಕೆಜಿ ಸಕ್ಕರೆ ತಂದು ಇದನ್ನು ತಿನ್ನು ಅಂದರೆ ಯಾರಾದರೂ ತಿನ್ನುತ್ತಾರಾ? ಚಾ ಬಿಡು ಅಂತ ನಾನು ಹೇಳುವುದಿಲ್ಲ, ನನಗೇ ಬಿಡಲು ಆಗಿಲ್ಲ. 4 ಚಾ ಮಾಡಿಕೊಂಡೆ, ಒಂದೊಂದು ಚಮಚ ಸಕ್ಕರೆ. ಮೊದಲ ಹದಿನೈದು ದಿನ ಕಷಾಯ ಕುಡಿದ ಹಾಗಾಯಿತು. ಈಗ ಬೇರೆಯವರ ಮನೆಯ ಚಾ ನನಗೆ ಪಾಯಸ.

ಇನ್ನು ಬೆವರು. ಬೆವರು ಹರಿದರೆ ಕೊಬ್ಬು ಕರಗಿತು ಅಂತ ನಿನ್ನ ತಲೆಯಲ್ಲಿದೆ. ನಿಮ್ಮ ಯಾರ್ಡಿನ ಕಾಟಾದ ಮೇಲೆ ಸಂಜೆ ನಿಂತು "ಮಾವಾ, 2 ಕೆಜಿ ಇಳಿದಿದೆ" ಅಂತ ಫೋಟೊ ಕಳಿಸಿದ್ದೆಯಲ್ಲ, ಅದು ನೀರು. ಎರಡು ತಂಬಿಗೆ ನೀರು ಕುಡಿದು ಉಂಡರೆ ವಾಪಸ್ ಬಂತು. ಒಂದು ಕೆಜಿ ಕೊಬ್ಬಿನಲ್ಲಿ ಸುಮಾರು 7700 ಕ್ಯಾಲೊರಿ ಇರುತ್ತದಂತೆ. ಅದು ಒಂದು ದಿನದ ದುಡಿಮೆಗೆ ಕರಗುವುದಲ್ಲ. ದಿನಕ್ಕೆ 500ರಷ್ಟು ಕಡಿಮೆ ತಿಂದರೆ ವಾರಕ್ಕೆ ಅರ್ಧ ಕೆಜಿ ಆಸುಪಾಸು ಇಳಿಯುತ್ತದೆ, ಅದೂ ಶುರುವಿನಲ್ಲಿ. ಅದಕ್ಕಿಂತ ಜಾಸ್ತಿ ಅವಸರ ಬೇಡ.

ಮತ್ತೊಂದು ಇದೆ. ಮೈ ಬಹಳ ಜಾಣ. ಬಂದರಿಗೆ ಹೊಸದಾಗಿ ಬಂದ ಹುಡುಗ ಒಂದು ಕ್ರೇಟ್ ಎತ್ತಲು ಹಲ್ಲು ಕಚ್ಚುತ್ತಾನೆ, ಕುತ್ತಿಗೆಯ ನರ ಎದ್ದು ಕಾಣುತ್ತದೆ. ಹಳಬ ಮೊಣಕಾಲು ಸ್ವಲ್ಪ ಮಡಚಿ, ಸೊಂಟದಿಂದ ಒಂದು ತೂಗು ಕೊಟ್ಟು, ಉಸಿರು ಬಿಡುವಷ್ಟರಲ್ಲಿ ಹೆಗಲಿಗೆ ಇಟ್ಟಿರುತ್ತಾನೆ. ಬೀಡಿ ಬಾಯಲ್ಲೇ ಇರುತ್ತದೆ. ಕ್ರೇಟು ಅದೇ, ಖರ್ಚು ಕಡಿಮೆ. ನೀನೂ ಈಗ ಆರು ವರ್ಷದ ಹಳಬ. ಮೊದಲ ವರ್ಷ ಕಡ್ಡಿಯ ಹಾಗಿದ್ದೆ, ನೆನಪಿದೆಯಾ? ಆಗ ತಿನ್ನುತ್ತಿದ್ದಷ್ಟೇ ಈಗಲೂ ತಿಂದರೆ ಉಳಿದದ್ದು ಎಲ್ಲಿಗೆ ಹೋಗಬೇಕು?

ಮಳೆಗಾಲದ ಲೆಕ್ಕ ಇನ್ನೂ ಕೆಟ್ಟದ್ದು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಯಾಂತ್ರಿಕ ಬೋಟು ಸಮುದ್ರಕ್ಕೆ ಇಳಿಯುವಂತಿಲ್ಲ. ಬೋಟು ನಿಂತರೂ ಬಾಯಿ ನಿಲ್ಲುವುದಿಲ್ಲ. ಬಲೆ ಹೊಲಿಯುತ್ತಾ ಕೂತಿರುತ್ತೇವೆ, ತಿನ್ನುವುದು ಮಾತ್ರ ಟ್ರಾಲರ್ ಮೇಲೆ ಇದ್ದಾಗಿನಷ್ಟೇ. ಒಣಮೀನು ಸುಟ್ಟುಕೊಂಡು ಇನ್ನೊಂದು ತುತ್ತು, ಚಳಿ ಅಂತ ಇನ್ನೊಂದು ಚಾ. ಆಗಸ್ಟ್ ಬರುವಾಗ ನಾನು ಪ್ರತಿ ವರ್ಷ ಮೂರು ನಾಲ್ಕು ಕೆಜಿ ಏರಿರುತ್ತಿದ್ದೆ. ಸೀಸನ್ನಿನಲ್ಲಿ ಇಳಿಯುತ್ತಿದ್ದದ್ದು ಒಂದೋ ಎರಡೋ. ಹೀಗೆ ವರ್ಷ ವರ್ಷ ಒಂದೆರಡು ಉಳಿದು 94 ಆಯಿತು. ನಿನಗೂ ಈಗ ಯಾರ್ಡಿನಲ್ಲಿ ಕೆಲಸ ಕಡಿಮೆ ಅಂದೆಯಲ್ಲ? ಕೆಲಸ ಕಡಿಮೆಯಾದ ದಿನ ತಾಟೂ ಚಿಕ್ಕದಾಗಬೇಕು. ಇದನ್ನು ನನಗೆ ಯಾರೂ ಹೇಳಿರಲಿಲ್ಲ.

ಈಗ ನಾನು ಮಾಡಿದ ಎರಡು ದಡ್ಡತನ ಹೇಳುತ್ತೇನೆ, ನೀನು ಮಾಡಬೇಡ.

ಒಂದು, ಡಾಕ್ಟರ ಹತ್ತಿರ ಹೋಗಿ ಬಂದ ಹುರುಪಿಗೆ ಅನ್ನ ಪೂರ್ತಿ ಬಿಟ್ಟೆ. ಬೆಳಿಗ್ಗೆ ಕರಿ ಚಾ, ಮಧ್ಯಾಹ್ನ ಸೌತೆಕಾಯಿ. ಒಂಬತ್ತನೇ ದಿನ ಬೋಟಿನಿಂದ ಕ್ರೇಟ್ ಇಳಿಸುತ್ತಿದ್ದೆ. ಹಲಗೆ ಒದ್ದೆಯಾಗಿತ್ತು, ಬಂಗಡೆಯ ಚಿಪ್ಪು ಅಂಟಿ ನುಣ್ಣಗಾಗಿತ್ತು. ಕಣ್ಣ ಮುಂದೆ ಒಮ್ಮೆಲೇ ಬೆಳ್ಳಗೆ ಮಿಂಚಿತು. ಮತ್ತೆ ನೋಡಿದರೆ ಬೋಟಿಗೂ ದಕ್ಕೆಯ ಕಟ್ಟೆಗೂ ನಡುವಿನ ಸಂದಿಯಲ್ಲಿ ಒಂದು ಕಾಲು ನೇತಾಡುತ್ತಿತ್ತು, ಯಾರೋ ನನ್ನ ಬೆಲ್ಟು ಹಿಡಿದಿದ್ದರು. ಕ್ರೇಟು ನೀರಿಗೆ ಹೋಯಿತು. ಅಲೆ ಬೋಟನ್ನು ದಕ್ಕೆಗೆ ತಂದು ಗುದ್ದಿದ್ದರೆ ಈ ಕಾಗದ ಬರೆಯಲು ನಾನಿರುತ್ತಿರಲಿಲ್ಲ. ಭಾರ ಹೊರುವ ದಿನ ಉಪವಾಸ ಮಾಡಬೇಡ ತಮಾ. ಶನಿವಾರದ ಉಪವಾಸವೂ ಬೇಡ, ದೇವರಿಗೆ ನಾನು ಹೇಳಿಕೊಳ್ಳುತ್ತೇನೆ.

ಇನ್ನೊಂದು ಓಟ. ಸಂಜೆ ಕೆಲಸ ಮುಗಿಸಿ ಟ್ಯಾಗೋರ್ ಬೀಚಿಗೆ ಹೋಗಿ ಓಡಲು ಶುರು ಮಾಡಿದೆ. ಅದೂ ಮೇಲಿನ ಸಡಿಲ ಮರಳಿನಲ್ಲಿ, 94 ಕೆಜಿ ಹೊತ್ತುಕೊಂಡು, ಹತ್ತು ಗಂಟೆ ದುಡಿದ ಕಾಲಿನಲ್ಲಿ. ಮೂರನೇ ವಾರಕ್ಕೆ ಎಡ ಮೊಣಕಾಲು ಹಲಸಿನಕಾಯಿ. ಇಪ್ಪತ್ತು ದಿನ ಕೂಲಿ ಇಲ್ಲ. ನಿನ್ನ ಅತ್ತೆ ಬುಟ್ಟಿ ಹೊತ್ತು ಮನೆ ನಡೆಸಿದಳು. ಅವಳು ಆಡಿಕೊಂಡ ಮಾತು ಇಲ್ಲಿ ಬರೆಯುವಂಥದ್ದಲ್ಲ.

ಹಾಗಂತ ವ್ಯಾಯಾಮ ಬೇಡವಾ? ಬೇಕು. ಆದರೆ ದುಡಿಮೆಯೇ ವ್ಯಾಯಾಮ ಅಂತಲ್ಲ. ದುಡಿಮೆಯಲ್ಲಿ ದಿನಕ್ಕೆ ಎಂಟು ಹತ್ತು ಗಂಟೆ ಮೈ ಬಿಗಿ ಹಿಡಿದೇ ಇರುತ್ತದೆ, ಬಿಪಿ ಏರಿಯೇ ಇರುತ್ತದೆ, ಸುಧಾರಿಸಿಕೊಳ್ಳಲು ಬಿಡುವಿಲ್ಲ. ವ್ಯಾಯಾಮ ಅರ್ಧ ಗಂಟೆಯದ್ದು, ಬೇಕೆಂದಾಗ ನಿಲ್ಲಿಸಬಹುದು. ಕೆಲಸದಲ್ಲಿ ಭಾರೀ ಶ್ರಮ ಪಡುವ ಗಂಡಸರಿಗೆ ಅದರಿಂದ ವ್ಯಾಯಾಮದಷ್ಟು ಲಾಭ ಸಿಗುವುದಿಲ್ಲ, ಹೃದಯಕ್ಕೆ ತೊಂದರೆಯೂ ಇರಬಹುದು ಅಂತ ಸಂಶೋಧನೆ ಮಾಡಿದವರೂ ಹೇಳಿದ್ದಾರಂತೆ, ಡೆನ್ಮಾರ್ಕಿನ ಕಡೆ ಈ ವಿಷಯದಲ್ಲಿ ತುಂಬಾ ಕೆಲಸ ಆಗಿದೆಯಂತೆ. ಮಗಳು ಓದಿ ಹೇಳಿದಳು. ನನಗೆ ಮೊದಲೇ ಮೊಣಕಾಲು ಹೇಳಿತ್ತು.

ನೀನು ಏನು ಮಾಡು ಅಂದರೆ, ಕೋಟೆಕೆರೆಯ ಕಡೆ ಅರ್ಧ ಗಂಟೆ ನಡೆ, ಉಂಡು ಸ್ವಲ್ಪ ಹೊತ್ತಿನ ಮೇಲೆ. ಮಾತಾಡಲು ಉಸಿರು ಇರಬೇಕು, ಹಾಡಲು ಇರಬಾರದು, ಅಷ್ಟು ಜೋರು ಸಾಕು. ವಾರದಲ್ಲಿ ಐದು ದಿನ ಆದರೆ 150 ನಿಮಿಷ ಆಯಿತು, ವಿಶ್ವ ಆರೋಗ್ಯ ಸಂಸ್ಥೆ ಕೇಳುವುದೂ ಕಡಿಮೆ ಅಂದರೆ ಅಷ್ಟೇ. ಲೋಡು ಜಾಸ್ತಿ ಬಂದ ದಿನ ನಡಿಗೆ ಬಿಟ್ಟುಬಿಡು, ಪಾಪ ಬರುವುದಿಲ್ಲ. ಆದರೆ ನಡೆದೆ ಅಂತ ಬರುವ ದಾರಿಯಲ್ಲಿ ಒಂದು ಬನ್ಸ್ ತಿಂದರೆ ನಡೆದದ್ದೆಲ್ಲ ಅಲ್ಲಿಗಲ್ಲಿಗೆ.

ವಾರಕ್ಕೆ ಎರಡು ಸಲ, ಕಾಲು ಗಂಟೆ, ಮನೆಯಲ್ಲೇ ಸ್ವಲ್ಪ ಕಸರತ್ತು ಮಾಡು. ಬೆನ್ನಿಗೆ ಮತ್ತೆ ಭಾರ ಹಾಕುವುದಲ್ಲ. ನೀನು ಯಾವಾಗಲೂ ಬಲ ಹೆಗಲಿಗೇ ಚೀಲ ಹಾಕುತ್ತೀಯ, ನಡೆಯುವಾಗ ಎಡಕ್ಕೆ ವಾಲುತ್ತೀಯ, ಜಾತ್ರೆಯಲ್ಲಿ ಹಿಂದಿನಿಂದ ನೋಡಿದೆ. ಹೊರುವಾಗಲೂ ಹೆಗಲು ಬದಲಿಸು. ಮನೆಯಲ್ಲಿ ಮೊಣಕೈ ಊರಿ ಹಲಗೆಯ ಹಾಗೆ ನೆಟ್ಟಗೆ ನಿಲ್ಲುವುದು, ಅಂಗಾತ ಮಲಗಿ ಸೊಂಟ ಎತ್ತುವುದು, ಮೇಲಿನ ಅಡ್ಡತೊಲೆ ಹಿಡಿದು ಸುಮ್ನೆ ಜೋತು ಬೀಳುವುದು. ಆಹಾ, ದಿನವಿಡೀ ಒತ್ತಿಸಿಕೊಂಡ ಬೆನ್ನು ಆಗ ಟಕಟಕ ಅಂತ ಬಿಚ್ಚಿಕೊಳ್ಳುತ್ತದೆ. ತೊಲೆಗೆ ಗೆದ್ದಲು ಹಿಡಿದಿಲ್ಲ ತಾನೇ, ಮೊದಲು ನೋಡಿಕೋ. ಕೆಮ್ಮಿದಾಗ ತೊಡೆಸಂದಿಯಲ್ಲಿ, ಹೊಕ್ಕುಳ ಹತ್ತಿರ ಉಬ್ಬು ಕಂಡರೆ ಅದು ಹರ್ನಿಯಾ ಇರಬಹುದು, ಕಸರತ್ತು ನಿಲ್ಲಿಸಿ ಡಾಕ್ಟರಿಗೆ ತೋರಿಸು. ಜಿಮ್ ದುಡ್ಡು ಉಳಿಯಿತಲ್ಲ, ಅದರಲ್ಲಿ ಒಳ್ಳೆಯ ಬೂಟು ತಗೋ. ಹವಾಯಿ ಚಪ್ಪಲಿಯಲ್ಲಿ ಚೀಲ ಹೊರುವುದನ್ನು ನೋಡಿದರೆ ನನಗೆ ಮೈ ಜುಂ ಅನ್ನುತ್ತದೆ.

ಊಟಕ್ಕೆ ಬರುತ್ತೇನೆ, ಯಾಕೆಂದರೆ ಅರ್ಧಕ್ಕಿಂತ ಜಾಸ್ತಿ ಅಲ್ಲೇ ಇದೆ. ಬೆಳಿಗ್ಗೆ ಕುಚಲಕ್ಕಿ ಗಂಜಿ ಉಂಡು ಹೋಗು, ಜೊತೆಗೆ ಎರಡು ಮೊಟ್ಟೆ. ಹತ್ತು ಗಂಟೆಗೆ ಬಜೆಯ ಬದಲು ನೆನೆಸಿದ ಹೆಸರುಕಾಳೋ ಶೇಂಗಾವೋ ಒಂದು ಹಿಡಿ, ಡಬ್ಬಿಯಲ್ಲಿ ಒಯ್ಯಿ. ಮಧ್ಯಾಹ್ನ ಅನ್ನ ಇರಲಿ, ಹುರುಳಿ ಸಾರು, ಪಲ್ಯ ಜಾಸ್ತಿ. ಬಂಗಡೆ, ತಾರ್ಲೆ ಘಟ್ಟ ಹತ್ತಿ ನಿಮ್ಮಲ್ಲಿಗೂ ಬರುತ್ತದೆ. 100 ಗ್ರಾಂ ಬಂಗಡೆಯಲ್ಲಿ 19-20 ಗ್ರಾಂ ಪ್ರೋಟೀನ್ ಇದೆ, ಡಬ್ಬಿಯ ಪುಡಿಗೆ ದುಡ್ಡು ಸುರಿಯಬೇಡ. ಆದರೆ ರವೆ ಹಚ್ಚಿ ಎಣ್ಣೆಯಲ್ಲಿ ಮುಳುಗಿಸುವುದು ಭಾನುವಾರಕ್ಕೆ ಇರಲಿ, ಉಳಿದ ದಿನ ಸಾರು. ರಾತ್ರಿ ಒಂದೇ ತಾಟು. ಎರಡನೇ ಸಲ ಬಡಿಸಿಕೊಳ್ಳುವ ಮೊದಲು ಹತ್ತು ನಿಮಿಷ ಜಗಲಿಯಲ್ಲಿ ಕೂತು ಬಾ. ಬಾಯಾರಿದಾಗ ಬಣ್ಣದ ಬಾಟಲಿ ಬೇಡ. ನಿಮ್ಮ ಶಿರಸಿಯಲ್ಲಿ ಅಪ್ಪೆಹುಳಿ, ಮಜ್ಜಿಗೆ, ಮುರುಗಲ ನೀರು ಇರುವಾಗ ಅದನ್ನು ಕುಡಿಯುವವನಿಗೆ ಏನು ಹೇಳಲಿ.

ಕುಡಿಯುವುದು ಅಂದಾಗ ನೆನಪಾಯಿತು. ನೀನು ಕುಡಿಯುತ್ತೀಯಾ ಅಂತ ಕೇಳುವುದಿಲ್ಲ. ಮಾಜಾಳಿ ದಾಟಿ ಗೋವಾಕ್ಕೆ ಹೋಗಿ ಬರುವವರ ಚೀಲ ನಾನು ನೋಡದ್ದಲ್ಲ, ಒಂದು ಕಾಲಕ್ಕೆ ಆ ಚೀಲ ನನ್ನದೇ ಆಗಿತ್ತು. ಒಂದು ಕ್ವಾರ್ಟರಿನಲ್ಲಿ ಸುಮಾರು 400 ಕ್ಯಾಲೊರಿ ಇದೆ, ಅದರ ಜೊತೆಗಿನ ಖಾರಾ ಬೇರೆ. ದಿನಾ ಅದಿದ್ದರೆ ಮೇಲೆ ಬರೆದದ್ದೆಲ್ಲ ದಂಡ.

ನಿದ್ದೆ ಏಳು ಗಂಟೆ. ರಾತ್ರಿ ಒಂದರ ತನಕ ಫೋನು ನೋಡಿದರೆ ಮರುದಿನ ಹಸಿವು ಜಾಸ್ತಿ, ಪರೀಕ್ಷೆ ಮಾಡಿ ನೋಡು.

ತೂಕ ವಾರಕ್ಕೆ ಒಂದೇ ಸಲ ನೋಡು. ಸೋಮವಾರ ಬೆಳಿಗ್ಗೆ, ಚಾ ಕುಡಿಯುವ ಮೊದಲು, ಅದೇ ಕಾಟಾದ ಮೇಲೆ. ಅದಕ್ಕಿಂತ ಒಳ್ಳೆಯದು ಸುತಳಿ. ಚೀಲ ಹೊಲಿಯುವ ಸುತಳಿ ನಿಮ್ಮಲ್ಲಿ ಬೇಕಾದಷ್ಟು ಇದೆ. ಗೋಡೆಗೆ ಒರಗಿ ನಿಂತು ನಿನ್ನ ಎತ್ತರಕ್ಕೆ ಸರಿಯಾಗಿ ಕತ್ತರಿಸು. ಸರಿ ಅರ್ಧಕ್ಕೆ ಮಡಚಿ ಹೊಕ್ಕುಳ ಮಟ್ಟದಲ್ಲಿ ಹೊಟ್ಟೆಗೆ ಸುತ್ತು. ಹೊಟ್ಟೆ ಒಳಗೆ ಎಳೆದುಕೊಳ್ಳಬೇಡ, ಯಾರೂ ನೋಡುವುದಿಲ್ಲ. ಎರಡು ತುದಿ ಮುಟ್ಟಬೇಕು. ಮುಟ್ಟದಿದ್ದರೆ ಎಷ್ಟು ಬೆರಳು ಸಂದಿ ಉಳಿಯಿತು ಅಂತ ಬರೆದಿಡು. ನಮ್ಮ ದೇಶದ ಗಂಡಸರಿಗೆ ಸೊಂಟ 90 ಸೆಂಟಿಮೀಟರ್ ದಾಟಬಾರದು ಅಂತ ಡಾಕ್ಟರುಗಳು ಹೇಳುತ್ತಾರೆ. ನನಗೆ ಮೊದಲ ದಿನ ಏಳು ಬೆರಳು ಸಂದಿ ಇತ್ತು. ಮುಟ್ಟಲು ಎರಡು ವರ್ಷ ಹಿಡಿಯಿತು. ಈಗ 76 ಕೆಜಿ. ಈ ಮಳೆಗಾಲದಲ್ಲಿ ಮತ್ತೆ ಅರ್ಧ ಬೆರಳು ಬಿಟ್ಟಿದೆ, ನಿನ್ನ ಅತ್ತೆಗೆ ಹೇಳಬೇಡ.

ನಿನಗೆ ಸುಸ್ತು ವಿಪರೀತ ಇದ್ದರೆ, ರಾತ್ರಿ ಮೇಲಿಂದ ಮೇಲೆ ಮೂತ್ರಕ್ಕೆ ಏಳುವ ಹಾಗಿದ್ದರೆ, ಸಕ್ಕರೆ ಮತ್ತು ಥೈರಾಯ್ಡ್ ಒಂದು ಸಲ ಪರೀಕ್ಷೆ ಮಾಡಿಸು. ಎದೆ ಬಿಗಿ ಹಿಡಿದರೆ ಗ್ಯಾಸ್ ಅಂತ ಸೋಡಾ ಕುಡಿದು ಕೂರಬೇಡ, ಚೀಲ ಅಲ್ಲೇ ಬಿಟ್ಟು ಆಸ್ಪತ್ರೆಗೆ ಹೋಗು.

ನೂಲು ಹುಣ್ಣಿಮೆಗೆ ಬಾ. ಸಮುದ್ರಕ್ಕೆ ತೆಂಗಿನಕಾಯಿ ಕೊಟ್ಟ ಮೇಲೆ ತಾಜಾ ಮೀನು ಸಿಗುತ್ತದೆ. ಬೆಳಿಗ್ಗೆ ಅಲೆ ಹಿಂದೆ ಸರಿದ ಮೇಲಿನ ಗಟ್ಟಿ ಮರಳಿನಲ್ಲಿ ಇಬ್ಬರೂ ನಡೆಯೋಣ. ಸುತಳಿ ಜೇಬಿನಲ್ಲಿ ಇಟ್ಟುಕೊಂಡು ಬಾ, ನಾನೇ ಸುತ್ತಿ ನೋಡುತ್ತೇನೆ. ನಿನ್ನ ಅತ್ತೆಗೆ ಒಂದು ಬಾಟಲಿ ಅಪ್ಪೆಮಿಡಿ ಉಪ್ಪಿನಕಾಯಿ ಬೇಕಂತೆ. ನನಗೆ ಬಿಪಿ ಇದೆ ಅಂತ ಅವಳು ಅದನ್ನು ಅಟ್ಟದ ಮೇಲೆ ಇಡುತ್ತಾಳೆ, ಹಾಗಾಗಿ ಎರಡು ಬಾಟಲಿ ತಾ. ಒಂದನ್ನು ನನ್ನ ಕೈಗೆ ಕೊಡು.

ನಿನ್ನ ಮಾವ