ಅರಚುವವರಿಗಿಂತ ಬೆವರುವವರನ್ನು ನೋಡು

ಕೊಪ್ಪಳ
ಮೇ ಕೊನೆಯ ವಾರ

ಚಿ. ಬಸುಗೆ ದೊಡ್ಡಪ್ಪನ ಆಶೀರ್ವಾದಗಳು.

ಬೆಂಗಳೂರಿನ ನೌಕರಿ ಬಿಟ್ಟು ಯಲಬುರ್ಗಿ ಕಡೆಯ ನಮ್ಮ ಹಳೇ ಮಾಳಿಗೆ ಮನೆಯಲ್ಲಿ ಮತ್ತೆ ಒಲೆ ಹಚ್ಚಿದಿರಿ ಎಂದು ಕೇಳಿ ಜೀವ ತಣ್ಣಗಾಯಿತು. ಮರುದಿನವೇ ನಿನ್ನ ಹೆಂಡತಿಯ ಫೋನು: "ಬಚ್ಚಲದಾಗ ಎರಡು ಚೇಳು ಕಂಡ್ವು ಮಾವಾ." ಫೋನಿನಲ್ಲಿ ಹೇಳಿದರೆ ನೀನು ಅರ್ಧ ಕೇಳುತ್ತೀ. ಅದಕ್ಕೇ ಈ ಕಾಗದ.

ಆ ಮನೆಯಲ್ಲಿ ನಮಗಿಂತ ಅವೇ ಹಳಬರು. ಹಗಲೆಲ್ಲ ಗೋಡೆಯ ಸಂದಿನಲ್ಲೋ, ಕುಳ್ಳಿನ ರಾಶಿಯಲ್ಲೋ, ಕಣಿಕೆ ಬಣವೆಯ ಬುಡದಲ್ಲೋ ಅಡಗಿದ್ದು ಕತ್ತಲಾದ ಮೇಲೆ ಹುಳ ಹಿಡಿಯಲು ಹೊರಡುತ್ತವೆ. ಬಾಗಿಲ ಮೇಲೆ ನೀನು ಹಾಕಿಸಿದ ದೊಡ್ಡ ಬಲ್ಬು ಹುಳವನ್ನು ಕರೆಯುತ್ತದೆ, ಹುಳ ಚೇಳನ್ನು ಕರೆಯುತ್ತದೆ. ಇನ್ನು ರೋಹಿಣಿ ಮಳೆ ಹೊಡೆದರೆ ಬಿಲಕ್ಕೆ ನೀರು ನುಗ್ಗಿ, ಒಣ ಜಾಗ ಹುಡುಕಿಕೊಂಡು ಒಳಗೇ ಬರುತ್ತವೆ. ಹೊರಸನ್ನು ಗೋಡೆಯಿಂದ ದೂರ ಎಳೆ, ಹಾಸಿಗೆ ಕೊಡವು, ಚಪ್ಪಲಿ ಬೂಟು ಬಡಿದು ಹಾಕಿಕೋ. ನೋಟು ಪರೀಕ್ಷಿಸುವ ನೇರಳೆ ಬೆಳಕಿನ ಟಾರ್ಚ್ ಸಿಗುತ್ತದಲ್ಲ, ಕತ್ತಲಲ್ಲಿ ಅದನ್ನು ಬಿಟ್ಟರೆ ಚೇಳಿನ ಮೈ ಹಸಿರಾಗಿ ಹೊಳೆಯುತ್ತದೆ. ಇಷ್ಟು ವರ್ಷ ಚೇಳಿನ ಜೊತೆ ಬಾಳಿದ ನನಗೆ ಇದನ್ನು ಹೇಳಿಕೊಟ್ಟದ್ದು ಮೊಮ್ಮಗ!

ಈಗ ಮುಖ್ಯ ಮಾತು. ನಿನಗೊಬ್ಬಳು ಸಣ್ಣತ್ತೆ ಇದ್ದಳು, ನೀನು ನೋಡಿಲ್ಲ. ನನಗೆ 12 ವರ್ಷ, ಅವಳಿಗೆ ಐದು. ಕುಳ್ಳು ತರಲು ಹೋದವಳಿಗೆ ಕೆಂಪು ಚೇಳು ಕಡಿಯಿತು. ಮಂತ್ರ ಹಾಕುವವರ ಮನೆಗೆ ಎತ್ತಿಕೊಂಡು ಹೋದೆವು. ಸ್ವಲ್ಪ ಹೊತ್ತಿಗೆ ಅಳು ನಿಂತಿತು. "ಇಳೀತು" ಅಂದರು ಎಲ್ಲರೂ. ಅವ್ವ ತೆಂಗಿನಕಾಯಿ ಒಡೆದಳು. ಆ ಹೊತ್ತಿಗೆ ಹುಡುಗಿಯ ಲಂಗ ಬೆವರಿನಿಂದ ತೊಯ್ದು ಹೋಗಿತ್ತು, ಅಂಗೈ ಕೊಡದ ನೀರಿನಷ್ಟು ತಣ್ಣಗಿತ್ತು. ಅದನ್ನು ಮುಟ್ಟಿ ನೋಡಿದವನು ನಾನು. ಯಾರಿಗೂ ಹೇಳಲಿಲ್ಲ, ಹೇಳಬೇಕೆಂದು ಗೊತ್ತಿರಲಿಲ್ಲ. ಬೆಳಗಿನ ಜಾವ ಉಸಿರಾಡಲು ಆಗದೆ, ಬಾಯಲ್ಲಿ ನೊರೆ ಬಂದು ಹೋದಳು.

ಕಡಿದ ಜಾಗ ಮಾತ್ರ ಉರಿಯುತ್ತಿದ್ದು, ಮನುಷ್ಯ ಮನೆ ಹಾರಿ ಹೋಗುವಂತೆ ಅರಚುತ್ತಿದ್ದರೆ ಬಹುಪಾಲು ಬದುಕುತ್ತಾನೆ. ವಾಂತಿ, ಜೊಲ್ಲು, ಮೈತುಂಬ ಬೆವರು, ತಣ್ಣನೆ ಕೈಕಾಲು ಕಂಡರೆ ವಿಷ ಮೈಗೆಲ್ಲ ಏರಿದೆ ಎಂದು ತಿಳಿ. ಗಂಡು ಹುಡುಗರಿಗಾದರೆ ಜನನಾಂಗ ಬಿಗಿಯಾಗುವುದೂ ಅದೇ ಲಕ್ಷಣ, ಹೇಳಲು ನಾಚಬೇಡ. ಆಗ ರಕ್ತನಾಳ ಬಿಗಿದು, ಹೃದಯ ಸೋತು, ಪುಪ್ಪುಸದಲ್ಲಿ ನೀರು ತುಂಬುತ್ತದೆ. ನೋವು ಇಳಿದರೂ ಇದು ನಡೆದೇ ಇರುತ್ತದೆ. ಸಣ್ಣ ಮೈಗೆ ಅಪಾಯ ಹೆಚ್ಚು. ಮುಂದೆ ದಪ್ಪ ಇಕ್ಕಳದ ಕರಿ ಚೇಳಿಗಿಂತ ಸಣ್ಣ ಇಕ್ಕಳ, ದಪ್ಪ ಬಾಲದ ಕೆಂಪು ಚೇಳೇ ಕ್ರೂರ.

ಇದಕ್ಕೆ ಮದ್ದು ಕಂಡದ್ದು ಪಕ್ಕದ ಮಹಾರಾಷ್ಟ್ರದಲ್ಲಿ. ಕೊಂಕಣದ ಮಹಾಡದ ವೈದ್ಯ ಹಿಮ್ಮತರಾವ್ ಬಾವಸ್ಕರ್, ಬಿಪಿಗೆ ಕೊಡುವ ಪ್ರಾಜೋಸಿನ್ ಗುಳಿಗೆ ಚೇಳಿನ ವಿಷಕ್ಕೆ ಹೇಗೆ ಆಗಿಬರುತ್ತದೆ ಎಂದು 1980ರ ದಶಕದಲ್ಲಿ ತೋರಿಸಿಕೊಟ್ಟರು. 2022ರಲ್ಲಿ ಪದ್ಮಶ್ರೀ ಬಂತು. ನಮ್ಮ ಹುಡುಗಿಗೆ ಆ ಗುಳಿಗೆ ತಡವಾಯಿತು. ಈ ವಾರವೇ ತಾಲ್ಲೂಕು ಆಸ್ಪತ್ರೆಗೆ ಹೋಗಿ "ಪ್ರಾಜೋಸಿನ್ ಐತೇನ್ರೀ?" ಎಂದು ಕೇಳಿಕೊಂಡು ಬಾ. ತಂದು ಮನೆಯಲ್ಲಿ ಇಟ್ಟುಕೊಂಡು ನೀನೇ ಕೊಡುವುದಲ್ಲ ಮತ್ತೆ. ಅಳತೆ ಮಗುವಿನ ತೂಕದ ಮೇಲೆ, ಬಿಪಿ ನೋಡಿಕೊಂಡು. ಗುಳಿಗೆ ಕೊಟ್ಟ ಮೇಲೆ ಮಗುವನ್ನು ಎತ್ತಿ ಹೆಗಲಿಗೆ ಹಾಕಿಕೊಳ್ಳಬಾರದು, ಮಲಗಿಸಿಯೇ ಇಡಬೇಕು. ಬಿಪಿ ಧಸಕ್ಕನೆ ಇಳಿಯುತ್ತದೆ. ಚೇಳಿಗೂ ಪ್ರತಿವಿಷ ಉಂಟು, ಬೇಕೋ ಬೇಡವೋ ವೈದ್ಯರು ನೋಡುತ್ತಾರೆ. ಹಾವಿನದು ಇದಕ್ಕೆ ನಡೆಯುವುದಿಲ್ಲ.

ಕಡಿದ ಕೂಡಲೇ ಸೋಪಿನಿಂದ ತೊಳೆ, ಉಂಗುರ ಕಾಲ್ಗೆಜ್ಜೆ ಬಿಚ್ಚು, ಬಟ್ಟೆಯಲ್ಲಿ ಸುತ್ತಿದ ಐಸ್ ಇಡು. ಹಗ್ಗ ಬಿಗಿಯಬೇಡ, ಬ್ಲೇಡು ಹಾಕಬೇಡ, ಸುಡಬೇಡ. ಸೆರೆ ಕುಡಿಸುವವರು ಈಗಲೂ ಇದ್ದಾರೆ. ಮಂಗಕ್ಕೆ ಹೆಂಡ ಕುಡಿಸಿ ಚೇಳು ಕಡಿಸಿದ ಗಾದೆ ಇದೆ, ಇವರದು ಮೊದಲು ಚೇಳು, ಆಮೇಲೆ ಹೆಂಡ. ಮಗಳಿಗೆ ಕಡಿದರೆ ಬೆವರಿಗಾಗಿಯೂ ಕಾಯಬೇಡ. 108ಕ್ಕೆ ಫೋನು ಮಾಡು, ತಡವೆಂದರೆ ಬೈಕಿನಲ್ಲೇ ಹೊರಡು. ಮಂತ್ರ ಬೇಕೇಬೇಕು ಎಂದು ಯಾರಾದರೂ ಕೂತರೆ ದಾರಿಯಲ್ಲಿ ಹೇಳಿಕೊಳ್ಳಲಿ.

ಯಾದಗಿರಿ ಜಿಲ್ಲೆಯ ಕಂದಕೂರಿನ ಬೆಟ್ಟದಲ್ಲಿ ನಾಗರಪಂಚಮಿ ದಿನ ಜನ ಚೇಳನ್ನು ಅಂಗೈ ಮೇಲೆ ಬಿಟ್ಟುಕೊಳ್ಳುತ್ತಾರೆ. ಅದರ ವಿಡಿಯೋ ನೋಡಿ ನೀನು ನಕ್ಕಿದ್ದೆ. ನೋಡು, ಬೇಡ ಎನ್ನುವುದಿಲ್ಲ. ಮಗಳಿಗೆ ಮಾತ್ರ ತೋರಿಸಬೇಡ; ನಾಳೆ ಅವಳೂ ಕೈ ಚಾಚುತ್ತಾಳೆ.

ಭಾನುವಾರ ಮೊದಲ ಬಸ್ಸಿಗೆ ಬರುತ್ತೇನೆ. ಹಿತ್ತಲಿನ ಕುಳ್ಳಿನ ರಾಶಿ ಇಬ್ಬರೂ ಸೇರಿ ಸರಿಸೋಣ. ಅಲ್ಲಿಯವರೆಗೆ ಅದಕ್ಕೆ ಯಾರೂ ಬರಿಗೈ ಹಾಕುವುದು ಬೇಡ.

ಇತಿ ನಿನ್ನ ದೊಡ್ಡಪ್ಪ