ಸಚಿವರೇ, ಯುದ್ಧದ ಪಾಠದ ಜೊತೆ ನಾಲ್ಕು ಪತ್ರಗಳನ್ನೂ ಕೊಡಿ

ಮಾನ್ಯ ಶಿಕ್ಷಣ ಸಚಿವರಿಗೆ ನಮಸ್ಕಾರ.

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವ ಮೇಷ್ಟ್ರು. ಮೊದಲ ಮಹಾಯುದ್ಧ ಅಂದರೆ ನಮ್ಮಲ್ಲಿ ಕಾರಣಗಳು, ಪರಿಣಾಮಗಳು, ಒಪ್ಪಂದಗಳು. ಮಕ್ಕಳು ಬಾಯಿಪಾಠ ಮಾಡುತ್ತಾರೆ, ಪರೀಕ್ಷೆ ಮುಗಿದ ಮೇಲೆ ಮರೆಯುತ್ತಾರೆ. ಅವರನ್ನು ಬೈದು ಏನು ಪ್ರಯೋಜನ, ನನಗೂ ಅದು ಬೇಜಾರೇ.

ಒಂದು ದಿನ ಸುಮ್ನೆ ಬೋರ್ಡಿನ ಮೇಲೆ ಪತ್ರವೊಂದರ ಸಾರಾಂಶ ಬರೆದೆ. ಫ್ರಾನ್ಸಿನ ಯುದ್ಧಕ್ಕೆ ಹೋದ ಭಾರತದ ಸಿಪಾಯಿಯೊಬ್ಬ 1915ರ ಸುಮಾರಿಗೆ ಊರಿಗೆ ಬರೆಸಿದ್ದು: ಕರಿಮೆಣಸು ಮುಗಿದಿದೆ, ಈಗ ಕೆಂಪು ಮೆಣಸು ಬಳಸುತ್ತಿದ್ದಾರೆ. 'ಅಡುಗೆ ವಿಷಯನಾ ಸಾರ್?' ಅಂತ ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು. ನಾನು ಉತ್ತರ ಹೇಳಲಿಲ್ಲ. ಹತ್ತು ನಿಮಿಷ ಗದ್ದಲ. ಕೊನೆಗೆ ಒಬ್ಬ ಹುಡುಗಿ ಮೆಲ್ಲಗೆ, 'ಕರಿ ಅಂದ್ರೆ ನಮ್ಮವರು, ಕೆಂಪು ಅಂದ್ರೆ ಬಿಳಿಯರು, ಅಲ್ವಾ?' ಅಂದಳು. ಕ್ಲಾಸು ತಣ್ಣಗಾಯಿತು.

ಆಮೇಲೆ ಪ್ರಶ್ನೆಗಳು ತಾವಾಗಿಯೇ ಬಂದವು. ನೇರವಾಗಿ ಯಾಕೆ ಬರೆಯಲಿಲ್ಲ? ಸಿಪಾಯಿಗಳ ಪತ್ರಗಳನ್ನು ಸೇನೆಯ ಸೆನ್ಸಾರ್ ಅಧಿಕಾರಿಗಳು ಓದುತ್ತಿದ್ದರು. ಸಿಪಾಯಿಯ ಕೈಬರಹ ಎಲ್ಲಿದೆ? ಅನೇಕರಿಗೆ ಬರೆಯಲು ಬರುತ್ತಿರಲಿಲ್ಲ, ಬೇರೆಯವರಿಂದ ಬರೆಸುತ್ತಿದ್ದರು. ನಮಗೆ ಇಂದು ಸಿಗುವುದು ಹೆಚ್ಚಾಗಿ ಸೆನ್ಸಾರ್ ಕಚೇರಿ ಇಂಗ್ಲಿಷಿಗೆ ಮಾಡಿಸಿದ ಅನುವಾದ. ಅದೇ ಈಗ ಬ್ರಿಟಿಷ್ ಲೈಬ್ರರಿಯಲ್ಲಿದೆ. ಹಾಗಾದರೆ ಈ ಮಾತು ಯಾರದು? ಇದು ನನ್ನ ಪ್ರಶ್ನೆಯಲ್ಲ, ಒಂಬತ್ತನೇ ಕ್ಲಾಸಿನ ಹುಡುಗನದು.

ಫೋಟೋದ್ದೂ ಅದೇ ಕಥೆ. 1915ರಲ್ಲಿ ಗಿರ್ಡ್‌ವುಡ್ ಎಂಬ ಫೋಟೋಗ್ರಾಫರ್ ಫ್ರಾನ್ಸಿನಲ್ಲಿ ತೆಗೆದ ಚಿತ್ರದಲ್ಲಿ ಗೂರ್ಖಾಗಳು ದಾಳಿಗೆ ನುಗ್ಗುತ್ತಿದ್ದಾರೆ. 'ಕ್ಯಾಮೆರಾದವನು ಎದುರಿಗೇ ನಿಂತಿದ್ದಾನಲ್ಲ, ಗುಂಡು ಬೀಳಲ್ವಾ?' ಅಂತ ಕೇಳಿದರು. ಅವರ ಅನುಮಾನ ಸರಿ. ಆತ ತೆಗೆದ ಕೆಲವು ಚಿತ್ರಗಳು ಕ್ಯಾಮೆರಾಕ್ಕಾಗಿಯೇ ಮಾಡಿಸಿದಂಥವು.

13 ಲಕ್ಷದಷ್ಟು ಭಾರತೀಯರು ಆ ಯುದ್ಧಕ್ಕೆ ಹೋದರು ಅಂತ ಓದಿಸಿದರೆ ಮಕ್ಕಳಿಗೆ ಅದು ಬರೀ ಅಂಕಿ. ಮೆಣಸು ಹಾಗಲ್ಲ.

ನಾನು ಕೇಳುವುದು ಜಾಸ್ತಿ ಏನಲ್ಲ. ಆ ಪಾಠದ ಜೊತೆ ನಾಲ್ಕು ಪತ್ರ, ನಾಲ್ಕು ಫೋಟೋ ಅಚ್ಚು ಹಾಕಿಸಿ. ಎರಡು ಪೀರಿಯಡ್ ಬಿಡಿ. ದಯವಿಟ್ಟು ಅದಕ್ಕೆ ಅಂಕ ಇಡಬೇಡಿ. ಇಟ್ಟರೆ ಮರುದಿನವೇ ಗೈಡ್‌ನಲ್ಲಿ ಉತ್ತರ ಬರುತ್ತದೆ. 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ (ಈಗಿನ ಇಸ್ರೇಲ್) ಹೋರಾಡಿದ ನಮ್ಮ ಮೈಸೂರು ಸಂಸ್ಥಾನದ ಕುದುರೆ ಪಡೆ, ಮೈಸೂರು ಲ್ಯಾನ್ಸರ್ಸ್‌ನವರ ಕಾಗದ, ಚಿತ್ರ ಏನಾದರೂ ಇವೆಯಾ ಅಂತ ರಾಜ್ಯ ಪತ್ರಾಗಾರದಲ್ಲಿ ಹುಡುಕಿಸಿ.

ಇನ್ನೊಂದು. 1965, 1971ರಲ್ಲಿ ಗಡಿಯಿಂದ ಬಂದ ಇನ್‌ಲ್ಯಾಂಡ್ ಲೆಟರ್‌ಗಳು ಈಗಲೂ ಎಷ್ಟೋ ಮನೆಗಳ ಟ್ರಂಕಿನಲ್ಲಿರಬಹುದು. ಶಾಲೆಗಳ ಮೂಲಕ ಕೇಳಿ ನೋಡಿ. ಆದರೆ ಸ್ಕ್ಯಾನ್ ಮಾಡಿಕೊಂಡು ಕಾಗದವನ್ನು ಅವತ್ತೇ ಮನೆಯವರ ಕೈಗೆ ವಾಪಸ್ ಕೊಡಬೇಕು. ಇಲಾಖೆಯ ಫೈಲಿಗೆ ಹೋದರೆ ಏನಾಗುತ್ತದೆ ಅಂತ ನಿಮಗೂ ಗೊತ್ತು.

ಇಂತಿ,
ಒಬ್ಬ ಮೇಷ್ಟ್ರು